ಅಣ್ಣನ ಪಾದದ ಹಲಿಗಿ

ನಮ್ಮ ಮನ್ಯಾಗ ಮಾತಿಗಿಂತ ಮೊದಲ ಕೈ ಬರ್ತಿತ್ತು. ಅಪ್ಪಗ ಎತ್ತಿಗೂ ಅದ ಬಾರಕೋಲು, ಆಳಿಗೂ ಅದ ಬಾರಕೋಲು, ಅವ್ವಗೂ ಅದ. ಅವ್ವ ಪ್ಲೇಗಿನ ವರ್ಷ ಊರ ಹೊರಗಿನ ಗುಡಸಲದಾಗ ಸತ್ಲು, ಬಾರಕೋಲಿನಿಂದ ಅಕಿ ಪಾರಾದದ್ದು ಆವಾಗ. ಅಣ್ಣ ಅಪ್ಪನ್ನ ನೋಡಿ ಕಲ್ತ. ಲಗ್ನಾದ ಮ್ಯಾಲ ಕಲ್ತದ್ದನ್ನ ಹೆಂಡ್ತಿ ಮ್ಯಾಲ, ಅಂದ್ರ ನಮ್ಮ ವೈನಿ ಮ್ಯಾಲ ತೋರಿಸಿದ. ನಾನೂ ಏನು ಕಮ್ಮಿ ಇರಲಿಲ್ಲ, ಸಣ್ಣಾಕಿದ್ದಾಗ ಅಣ್ಣನ ಕಿವಿ ಕಚ್ಚಿ ರಕ್ತಾ ತಗದಾಕಿ ನಾ. ಹುನಗುಂದದ ಮಂದಿ ನಮ್ಮನ್ನ ಬಡದಾಟದವರು ಅಂತನ ಕರೀತಿದ್ರು. ಅದಕ್ಕ ನಮಗೇನೂ ನಾಚಿಕಿ ಇರಲಿಲ್ಲ.

ನನ್ನ ಕೊಟ್ಟದ್ದು ಕೆರೂರಿಗೆ. ಉಣ್ಣಾಕ ಉಡಾಕ ಅಲ್ಲಿ ಏನೂ ಕಮ್ಮಿ ಇರಲಿಲ್ಲ. ಆದ್ರ ನನ್ನ ಗಂಡ ಸಿಟ್ಟಿಗೆದ್ದು ಹೊಡಿಯಾವಲ್ಲ. ಅಪ್ಪ ಹೊಡದ್ರ ಸಿಟ್ಟಿನಿಂದ ಹೊಡೀತಿದ್ದ, ಹೊಡದು ದಣದು ತಾನ ತೇಕಕೋಂತ ಕುಂಡ್ರತಿದ್ದ. ಇವ ಹೊಟ್ಟಿ ತುಂಬ ಉಂಡು, ಎಲಿ ಅಡಿಕಿ ಹಾಕ್ಕೊಂಡು, ಅಂಗಿ ಕಳದು ಗೂಟಕ್ಕ ಹಾಕಿ, ಬಾಗಲಾ ಮುಚ್ಚಿ ಸಾವಕಾಶ ಹೊಡೀತಿದ್ದ. ಪಂಚಮಿ ಹಬ್ಬ ಹತ್ರ ಬಂದಾಗ ಒಮ್ಮೆ ರೊಟ್ಟಿ ಆರ್ಯಾವ ಅಂತ ಒನಕಿ ತಗೊಂಡು ನನ್ನ ಎಡದೋಳಿಗೆ ಹಾಕಿದ. ಎಲುಬು ಮುರದ ಸಪ್ಪಳ ನನಗ ಕೇಳಿಸ್ತು. ಅವಗೂ ಕೇಳಿಸಿರಬೇಕು, ಒನಕಿ ಮೂಲಿಗಿ ಇಟ್ಟು ಹೊರಗ ಹೋದ.

ಪಂಚಮಿಗೆ ಕೊಟ್ಟ ಹೆಣ್ಣಮಕ್ಕಳನ್ನ ಅಣ್ಣ ತಮ್ಮಂದಿರು ಕರ್ಯಾಕ ಬರೋದು ರಿವಾಜು. ಅಣ್ಣ ಚಕ್ಕಡಿ ಕಟಿಗೊಂಡು ಬಂದ. ನನ್ನ ತೋಳಿಗೆ ಬಿದಿರಿನ ದಬ್ಬಿ ಕಟ್ಟಿ ಕೊರಳಿಗೆ ಹಾಕಿದ್ದು ನೋಡಿದ. ಏನಾತು ಅಂತ ಕೇಳಲಿಲ್ಲ. ನನ್ನ ಗಂಡನ ಜೋಡಿ ಕುಂತು ಉಂಡ, "ಹಬ್ಬ ಮುಗದ ಮ್ಯಾಲ ನಾನ ತಂದು ಬಿಡ್ತೇನಿ ಭಾವಾ" ಅಂತ ಮಾತು ಕೊಟ್ಟ. ಊರು ಮುಟ್ಟೂತನಾ ಎತ್ತಿನ ಜೋಡಿ ಮಾತಾಡಿದ, ನನ್ನ ಜೋಡಿ ಇಲ್ಲ.

ಅಪ್ಪ ಕಟ್ಟಿ ಮ್ಯಾಲಿಂದ ಇಳದು ಬಂದು ನನ್ನ ತೋಳು ಹಿಡದು ನೋಡಿದ. ನಾ "ಯಪ್ಪಾ!" ಅಂತ ಚೀರಿದ್ನಿ. ಅವ ಸೀದಾ ಒಳಗ ಹೋಗಿ ತುಂಬಿದ ನೀರಿನ ಹರಿವಿ ಎತ್ತಿ ನೆಲಕ್ಕ ಒಗದ. ಅಡಗಿಮನಿ ತುಂಬ ನೀರು, ವೈನಿ ಒಲಿ ಮುಂದಿಂದ ಎದ್ದು ಓಡಿದ್ಲು.

"ನನ್ನ ಮಗಳನ್ನ ನಾನೂ ಹೊಡದೇನಿ," ಅಂದ ಅಪ್ಪ. "ಮುರದಿಲ್ಲ. ಈಕಿ ಇನ್ನ ಕೆರೂರಿಗೆ ಹೋಗಂಗಿಲ್ಲ."

"ನಾ ಮಾತು ಕೊಟ್ಟು ಬಂದೇನಿ," ಅಂದ ಅಣ್ಣ.

"ನಿನ್ನ ಮಾತಿನ ಮ್ಯಾಲ ನಾಯಿ ಉಚ್ಚಿ ಹೊಯ್ಲಿ."

ಅಪ್ಪ ದೇವರಂಥಾವ ಅಂತ ನಾ ಹೇಳಂಗಿಲ್ಲ. ಅವ್ವನ ಬೆನ್ನ ಮ್ಯಾಲಿನ ಬಾಸುಂಡಿ ನೋಡಿಕೋಂತ ಬೆಳದಾಕಿ ನಾ. ಆದ್ರ ಆ ದಿನ ಅವ ಅಂದ ಮಾತಿಗೆ ನನ್ನ ಎದಿ ತುಂಬಿ ಬಂತು, ಅದೂ ಖರೆ.

ಹಬ್ಬ ಮುಗೀತು. ಬ್ಯಾರೇರ ಮನಿಗೆ ಬಂದ ಹೆಣ್ಣಮಕ್ಕಳು ಉಂಡಿ ಬುತ್ತಿ ಕಟಿಗೊಂಡು ಗಂಡನ ಮನಿಗೆ ಹೋದ್ರು. ನಾ ಹೋಗಲಿಲ್ಲ. ಓಣ್ಯಾಗ ಗುಸುಗುಸು ಶುರು ಆತು. ನಾ ತವರಾಗ ಉಳಿಯೋದಾದ್ರ ನನಗಂತ ಒಂದು ಜಾಗಾ ಬೇಕಿತ್ತು. ಅಡಗಿಮನಿ ಮೂಲ್ಯಾಗ ಹಾಸಿಕೊಂಡು ಬಿದ್ದಾಕಿನ್ನ ಇವತ್ತಲ್ಲ ನಾಳೆ ಯಾರರ ಎಬ್ಬಿಸಿ ಚಕ್ಕಡ್ಯಾಗ ಹಾಕ್ತಾರ. ಅಪ್ಪಗೂ ಅದು ಗೊತ್ತಿತ್ತು.

ಮ್ಯಾಲ ಹತ್ತಿ ತುಂಬಿದ ಅಂಡಿಗಿ ಇಡೋ ಅಟ್ಟ ಇತ್ತು. ಅದರ ನೆಲಾ ಅಂದ್ರ ತೊಲಿ ಮ್ಯಾಲ ಕಟ್ಟಿಗಿ ಹೊಂದಿಸಿ ಮಣ್ಣು ಬಡದದ್ದು. ಗೆದ್ದಲಾ ತಿಂದು, ಇಲಿ ತೋಡಿ, ಹ್ವಾದ ವರ್ಷ ಒಂದು ಅಂಡಿಗಿ ನೆಲಾ ಹರಕೊಂಡು ಕೆಳಗಿನ ಪಡಸಾಲಿಗೆ ಬಿದ್ದಿತ್ತು. ಅದನ್ನ ಕಿತ್ತು ಒಗದು ಸಾಗವಾನಿ ಹಲಿಗಿ ಹಾಕಿಸಿ ಮಗಳಿಗೆ ಖೋಲಿ ಮಾಡ್ತೇನಿ ಅಂದ ಅಪ್ಪ. ಬಾಗಲಕೋಟ್ಯಾಗ ಯಾವುದೋ ಸಾಹೇಬನ ಬಂಗ್ಲೆದಾಗ ಅಂಥಾ ನೆಲಾ ನೋಡಿ ಬಂದಿದ್ದ. ಊರ ಮಂದಿ ನಕ್ಕರು. "ಸುತ್ತೂ ಕಡೆ ಕಲ್ಲಿನ ಖಣಿ ಅದಾವ, ಇವಗ ಕಟ್ಟಿಗಿ ನೆಲಾ ಬೇಕಂತ! ಗಂಡನ ಬಿಟ್ಟಾಕಿಗೆ ಸಾಗವಾನಿ!" ಅಂದ್ರು. ಕಲ್ಲು ಹಾಸಿದ್ರ ತೊಲಿ ತಡಿಯಂಗಿಲ್ಲ ಅಂತ ಹೇಳೋ ಅಷ್ಟು ತಾಳ್ಮಿ ಅಪ್ಪಗ ಎಲ್ಲಿ? ಒಬ್ಬವನ ರುಮಾಲು ಎತ್ತಿ ಚರಂಡಿಗೆ ಒಗದು ಬಂದ.

ಇಳಕಲ್ಲಿನಿಂದ ಬಡಿಗ್ಯಾ ಬಂದ. ಬಾಯಿ ಭಾಳ ಜೋರು, ಗಲ್ಲದಾಗ ಯಾವಾಗಲೂ ತಂಬಾಕ. ಅಟ್ಟ ಹತ್ತಿ ಇಳದು, ಅಂಗಳದಾಗ ನಿಂತು, "ಪಾದಾ ಕೊಡ್ರಿ ಸಾವಕಾರ್ರ, ಆಯಾ ತಗೀಬೇಕು" ಅಂದ.

ನಮ್ಮ ಕಡೆ ಮನಿ ಕೆಲಸಕ್ಕ ಕೈ ಹಚ್ಚೂಕಿಂತ ಮೊದಲ ಆಯಾ ತಗೀತಾರ. ಆ ಮನಿ ಯಾರದೋ ಅವರ ಪಾದಾ ಅಳದು, ಅಷ್ಟ ಉದ್ದದ ಕೋಲು ಕಡದು, ಬಾಗಲಾ, ಗ್ವಾಡಿ, ತೊಲಿ, ಹಲಿಗಿ ಎಲ್ಲಾ ಆ ಕೋಲಿನ ಲೆಕ್ಕದಾಗ ಕೊಯ್ತಾರ. ಯಾರ ಪಾದಕ್ಕ ಆಯಾ ಬಂತೋ ಜಾಗಾ ಅವರದು. ಕಾಗದಾ ಪತ್ರಾ ಎಲ್ಲಾ ಆಮ್ಯಾಲ. ಅಂಥಾ ಕೋಲಿನ ಮ್ಯಾಲ ಕೊಯ್ದು ಪೂಜಿ ಮಾಡಿದ ಹಲಿಗಿನ್ನ ಮತ್ತ ಗರಗಸಕ್ಕ ಕೊಡಂಗಿಲ್ಲ. ಕೊಟ್ರ ಆ ಪಾದದ ಮನುಷ್ಯಾನ ಆಯುಷ್ಯ ಕೊಯ್ದಂಗ ಅಂತಾರ.

ಅಣ್ಣ ಚಪ್ಪಲಿ ಕಳದು ಮುಂದ ಬಂದ. ಅಪ್ಪ ಅವನ್ನ ನೋಡಲಿಲ್ಲ. "ಏ, ಬಾ ಇಲ್ಲೆ," ಅಂತ ನನ್ನ ಕರದ. "ಇಡು ಪಾದಾ."

ಬಡಿಗ್ಯಾ ಒಂದು ಹಲಿಗಿ ತುಂಡು ನೆಲಕ್ಕ ಇಟ್ಟ. ನಾ ಹಲಿಗಿ ಮ್ಯಾಲ ಕಾಲು ಇಟ್ನಿ. ಬಡಿಗ್ಯಾ ಸುಣ್ಣದ ಕಡ್ಡಿಲೆ ಹಿಮ್ಮಡಕ್ಕೊಂದು ಬೆರಳಿಗೊಂದು ಗೀಟು ಎಳದ. ಅಷ್ಟರಾಗ ಅಣ್ಣ ಬಂದು ನನ್ನ ಮೊಣಕಾಲಿಗೆ ಒದ್ದ. ನಾ ಮುರದ ತೋಳಿನ ಮ್ಯಾಲ ಬಿದ್ನಿ.

"ಹೆಣ್ಣಮಗಳ ಪಾದಕ್ಕ ಆಯಾ ತಗಸ್ತೀಯೇನು? ಗಂಡ್ಮಗ ನಾ ಸತ್ತೇನೇನು ಈ ಮನ್ಯಾಗ?"

ಅಪ್ಪ ಬಾರಕೋಲು ತಗೊಂಡ. ಅವತ್ತು ಅವ ಅಣ್ಣನ್ನ ಹೊಡದಂಗ ಎತ್ತನ್ನೂ ಯಾರೂ ಹೊಡಿಯಂಗಿಲ್ಲ. ಅಂಗಿ ಹರದು ಬೆನ್ನಿಗೆ ಅಂಟಿಕೊಂತು. ವೈನಿ ಬಾಯಿ ಬಾಯಿ ಬಡಕೊಂಡ್ಲು. ಬಡಿಗ್ಯಾ ತನ್ನ ಚೀಲಾ ಎದಿಗವಚಿಕೊಂಡು ದನದ ಕೊಟ್ಟಿಗಿಗೆ ಓಡಿದ. ನಾ ನೆಲದ ಮ್ಯಾಲ ಬಿದ್ದಲ್ಲಿಂದ ಎಲ್ಲಾ ನೋಡಿದ್ನಿ. ನನಗ ಖುಷಿ ಆತು. ಭಾಳ ಖುಷಿ ಆತು, ಯಾಕ ಮುಚ್ಚಿಡ್ಲಿ?

ಹೊಡಿಯೂ ಭರದಾಗ ಅಪ್ಪನ ಕಾಲು ಉಳುಕಿ ಮೊಣಕಾಲು ಬಾತು ಕುಂತಿತು. ಅಟ್ಟದ ಉದ್ದ ನನ್ನ ಪಾದಕ್ಕ ಸರಿಯಾಗಿ ಕೂಡಿ ಬಂದಿತ್ತು. ಬಡಿಗ್ಯಾ "ಆಯಾ ಛಲೋ ಬಂತು" ಅಂತ ಕೋಲು ಕಡದು ಕೊಟ್ಟ, ಹಲಿಗಿ ಎಷ್ಟು ಕೋಲು ಉದ್ದ ಬೇಕು ಅನ್ನೋದನ್ನೂ ಹೇಳಿದ. ಆದ್ರ ಬಾಗಲಕೋಟಿಗೆ ಹೋಗಿ ಹಲಿಗಿ ಕೊಯ್ಸಿ ತರಾವರು ಯಾರು? ಮಲಪ್ರಭಾ ಹೊಳಿ ಇಳದ ಮ್ಯಾಲ ಅಪ್ಪ ಆ ಕೋಲು ಅಣ್ಣನ ಕೈಯಾಗ ಕೊಟ್ಟ. ಬಡದ್ರ ಮನುಷ್ಯಾ ಸುದ್ದ ಆಗ್ತಾನ ಅಂತ ಅವ ಖರೇನ ನಂಬಿದ್ದ. ಜೀವನಪೂರ್ತಿ ಬಡಿಸಿಕೊಂಡ ಅವ್ವನ್ನ ನೋಡಿಯೂ ಅವಗ ತಿಳದಿರಲಿಲ್ಲ.

ಅಣ್ಣ ಚಕ್ಕಡಿ ಹೂಡಿಕೊಂಡು ಅಮೀನಗಡದ ಹಾದಿ ಹಿಡದು ಹೋದ. ಅಳ್ನಾವರ ಕಡಿಂದ ರೈಲಿನ್ಯಾಗ ಬಂದ ಸಾಗವಾನಿ ಬಾಗಲಕೋಟಿ ಟೇಶನ್ನಿನ ಬಾಜೂಕ ಕಟ್ಟಿಗಿ ವಖಾರ್ಯಾಗ ಬಿದ್ದಿರ್ತಿತ್ತು. ಅಲ್ಲೇ ಕೊಯ್ದು ಕೊಡ್ತಿದ್ರು. ಹಲಿಗಿ ಹೇರಿದ ಚಕ್ಕಡಿ ತಿರುಗಿ ಬಂದಾಗ ಅಣ್ಣ ಎಳ್ಳಷ್ಟೂ ಸಿಟ್ಟಿಲ್ಲದ ಮಾರಿ ಮಾಡಿಕೊಂಡು ಬಂದ. ಹಲಿಗಿ ಮ್ಯಾಲ ಕುಂಕುಮ, ಅರಿಷಿಣ, ಕಾಯಿ ಒಡದ ಗುರ್ತು. "ಅಲ್ಲೇ ಪೂಜಿ ಮಾಡಿಸಿ ತಂದೇನಿ" ಅಂದ. ಹಲ್ಲು ತೋರಿಸಿ ನಕ್ಕ. ಅಣ್ಣ ನಕ್ಕರ ಯಾವಾಗಲೂ ಯಾರಿಗೋ ಗ್ರಹಚಾರ.

ಬಡಿಗ್ಯಾ ಬಂದ. ಅಟ್ಟದ ಹಳೇ ಮಣ್ಣು ಕಿತ್ತು, ತೊಲಿ ಅಷ್ಟ ಉಳಸಿದ್ರು. ಮೊದಲನೇ ಹಲಿಗಿ ಇಬ್ಬರು ಆಳು ಹೊತ್ತು ಮ್ಯಾಲ ಒಯ್ದು ಇಟ್ರು. ಒಂದು ಕಡೆ ಗ್ವಾಡಿಗೆ ಹಚ್ಚಿದ್ರ ಇನ್ನೊಂದು ತುದಿ ಎದುರಿನ ಗ್ವಾಡಿಗೆ ಹಾದು ನಿಂತ್ಕೊಂತು, ಕೆಳಗ ಕುಂಡ್ರವಲ್ದು. ತಿರುಗಿಸಿ ಹಾಕಿದ್ರು, ಕುಂಡ್ರವಲ್ದು. ಬಡಿಗ್ಯಾ ನನ್ನ ಪಾದದ ಅಳತಿಗೆ ಕಡದು ತನ್ನ ಹತ್ರ ಇಟ್ಟಿದ್ದ ಇನ್ನೊಂದು ಕೋಲು ತಗದು ಹಲಿಗಿ ಅಳದ. "ಸಾವಕಾರ್ರ, ಇದು ಅಕ್ಕಾರ ಪಾದಾ ಅಲ್ಲ," ಅಂತ ಮ್ಯಾಲಿಂದ ಒದರಿದ. "ಯಾವನೋ ಕ್ವಾಣನ ಪಾದಾ!"

ಅಪ್ಪ ಅಣ್ಣನ ಮಾರಿ ನೋಡಿದ. ಅಣ್ಣ ಎದಿ ಸೆಟಿಸಿ ನಿಂತ.

"ಹೌದು, ನನ್ನ ಪಾದಾ! ಹಾದ್ಯಾಗ ನಿಮ್ಮ ಕೋಲು ಮುರದು ಹೊಳಿಗೆ ಒಗದೇನಿ. ನನ್ನ ಪಾದಕ್ಕ ಕಡಸೇನಿ, ನನ್ನ ಹೆಸರಿಲೆ ಪೂಜಿ ಮಾಡಿಸೇನಿ. ಇನ್ನ ಅಟ್ಟ ನಂದು. ಅಕಿನ್ನ ಕೆರೂರಿಗೆ ಕಳಸ್ತೇನಿ."

ಅಳತಿ ಅಂದ್ರ ಹಕ್ಕು ಅಂತ ತಿಳದಿದ್ದ ಮಂಗ್ಯಾ. ಅಳತಿ ಅಂದ್ರ ಉದ್ದಾನೂ ಹೌದು ಅಂತ ಅವನ ತಲಿಗೆ ಹೊಳದಿರಲಿಲ್ಲ! ಒಂದು ಪಾದಕ್ಕ ಎರಡು ಬೆರಳು ಹೆಚ್ಚಾದ್ರ ಇಡೀ ಹಲಿಗಿಗೆ ಎಷ್ಟಾತು? ಒಂದು ಮೊಳದ ಹತ್ರ ಹೆಚ್ಚು ಉದ್ದ ಬಂದಿತ್ತು.

ಅಪ್ಪ ಕುಂಟಿಕೋಂತ ಪಾವಟಿಗಿ ಹತ್ತಿದ. "ಬಡಿಗ್ಯಾ, ಗರಗಸಾ ತಗಿ. ಹೆಚ್ಚಿಗಿದ್ದದ್ದು ಕೊಯ್ದು ಒಗಿ" ಅಂದ.

ಅಣ್ಣನ ಮಾರಿ ಸುಣ್ಣದಂಗ ಆತು. ಅವ ಓಡಿ ಬಂದು ಹಲಿಗಿ ಮ್ಯಾಲ ಅಡ್ಡ ಬಿದ್ದ. "ಯಪ್ಪಾ, ಬ್ಯಾಡೋ! ನನ್ನ ಆಯುಷ್ಯ! ನನ್ನ ಕೊಯ್ಯಬ್ಯಾಡೋ!" ಬಡಿಗ್ಯಾ ಕೈ ಮುಗದ. "ನಾ ಮನುಷ್ಯಾನ ಕೊಯ್ಯಾವಲ್ಲರೀ, ಹೊಟ್ಟೀಪಾಡಿಗೆ ಕಟ್ಟಿಗಿ ಕೊಯ್ಯಾವ," ಅಂತ ಮೂಲಿಗಿ ಸರದ. ಅಪ್ಪ ತಾನ ಗರಗಸಾ ಎತ್ತಿದ. ಅಣ್ಣನ ಬೆನ್ನಿನ ಬಾಜೂಕ ಹಲಿಗಿ ಮ್ಯಾಲ ಇಟ್ಟು ಒಂದು ಸಲ ಎಳದ. ಕಟ್ಟಿಗಿ ಪುಡಿ ಅಣ್ಣನ ಮಾರಿ ಮ್ಯಾಲ ಉದುರಿತು. ಅವ ಕುರಿ ಒದರಿದಂಗ ಒದರಿದ.

ವೈನಿ ಎಲ್ಲಿಂದ ಬಂದ್ಲೋ. ಮಾವನ ಮುಂದ ಸೆರಗು ಎತ್ತಿ ಮಾತಾಡದಾಕಿ, ಬಂದು ಗರಗಸದ ಹಲ್ಲನ್ನ ಬರಿಗೈಲೆ ಹಿಡದ್ಲು. "ನನ್ನ ಕುಂಕುಮಾ ಕೊಯ್ಯಬ್ಯಾಡ್ರಿ ಮಾವಾರ!" ಅಪ್ಪ ಇನ್ನೊಮ್ಮೆ ಎಳದ. ಅಂಗೈ ಹರದು ರಕ್ತಾ ಹಲಿಗಿ ಮ್ಯಾಲ ಸುರೀತು. ಆದ್ರೂ ಬಿಡಲಿಲ್ಲ. ಅಣ್ಣ ಅಕಿ ಕೈ ನೋಡಲಿಲ್ಲ, ಹಲಿಗಿ ಎಲ್ಲಿತನಾ ಕೊಯ್ದದ ಅಂತ ಬೆರಳು ಹಾಕಿ ನೋಡಿಕೋಂತಿದ್ದ. ಬಡಕೊಂಡು ಬಾಳೇ ಮಾಡಿದಾಕಿ ಅವಗಾಗಿ ಕೈ ಕೊಟ್ಲು, ಅವಗ ಕಟ್ಟಿಗಿ ಚಿಂತಿ. ನನಗ ಸಿಟ್ಟು ನೆತ್ತಿಗೇರಿತು.

"ಅಪ್ಪಾ, ಗರಗಸಾ ಬಿಡು," ಅಂತ ಒದರಿದ್ನಿ. "ಹಲಿಗಿ ಕೊಯ್ಯೋದು ಬ್ಯಾಡ. ಗ್ವಾಡಿ ಒಡಿ!"

ಅಟ್ಟಕ್ಕೂ ಅಣ್ಣನ ಮಲಗೋ ಖೋಲಿಗೂ ನಡುವ ಇದ್ದದ್ದು ಒಂದು ಮಣ್ಣಿನ ಗ್ವಾಡಿ. ಅಪ್ಪ ನನ್ನ ನೋಡಿದ, ಗ್ವಾಡಿ ನೋಡಿದ. ಆಮ್ಯಾಲ ಅವ ನಕ್ಕದ್ದು, ಅಂಥಾ ನಗಿ ನಾ ಅವ್ವ ಇದ್ದಾಗಿನಿಂದಾನೂ ಕೇಳಿರಲಿಲ್ಲ. ಕಬ್ಬಿಣದ ಹಾರಿ ತಗೊಂಡು ಮೊದಲನೇ ಏಟು ತಾನ ಹಾಕಿದ. ಮಣ್ಣು ಬಿದ್ದು ಅಣ್ಣನ ಹಾಸಿಗಿ, ಗಾದಿ, ಅವನ ಅತ್ತಿ ಮನಿಯವರು ಕೊಟ್ಟ ಕನ್ನಡಿ ಎಲ್ಲಾ ಹಾಳಾತು. ಅಣ್ಣ ತಡೀಲಿಲ್ಲ. ಹೆಂಗ ತಡೀತಾನ? ಗ್ವಾಡಿ ಉಳಿದ್ರ ಹಲಿಗಿ ಹೋಗ್ತಾವ, ಹಲಿಗಿ ಹೋದ್ರ ತಾ ಹೋಗ್ತಾನ! ತನ್ನ ಖೋಲಿಯೊಳಗ ಒಂದು ಮೊಳ ಬಿಟ್ಟುಕೊಟ್ಟು ಹೊಸಾ ಗ್ವಾಡಿಗೆ ತಾನ ಮಣ್ಣು ತುಳದ, ಹಲ್ಲು ಕಡಕೋಂತ.

ನಾ ವೈನಿ ಕೈಗೆ ಅರಿಷಿಣ ಎಣ್ಣಿ ಹಚ್ಚಿ ಹಳೇ ಸೀರಿ ಹರದು ಕಟ್ಟಿದ್ನಿ. ನನ್ನ ಸಲುವಾಗಿನ ಇಷ್ಟೆಲ್ಲಾ ಆತು ಅನ್ನೋದು ಅಕಿ ಕಣ್ಣಾಗಿತ್ತು.

ಖೋಲಿ ದೊಡ್ಡದಾತು, ಆದ್ರ ನನ್ನ ಸಂಕಟ ತೀರಲಿಲ್ಲ. ಆಯಾ ಅವಂದು. ಓಣಿ ಹಿರೇರಿಗೆ ಅಣ್ಣ ಅದನ್ನ ಹೇಳಿಕೋಂತ ತಿರುಗಿದ. ನಾ "ಅಳತಿ ಅವಂದಿರಲಿ, ತುಳಿಯಾಕಿ ನಾ" ಅಂತ ಜಿದ್ದಿನಿಂದ ಅಂತಿದ್ನಿ. ಒಳಗೊಳಗ ಖರೇನ ಅಂಜಿದ್ನಿ. ಅವ ಕೆರೂರಿಗೆ ಹೇಳಿ ಕಳಿಸ್ಯಾನ ಅಂತ ಆಳಿನ ಬಾಯಿಂದ ನನಗ ತಿಳದಿತ್ತು.

ಕಡೀ ಹಲಿಗಿಗೆ ಮೊಳಿ ಬಡಿಯೋ ದಿನ ನನ್ನ ಗಂಡ ಬಂದ. ಜೋಡಿಗೆ ಇಬ್ಬರು ಗಟ್ಟಿ ಆಳು. ಬಡಿಗ್ಯಾ ಕೆಳಗ ಉಣ್ಣಾಕ ಕುಂತಿದ್ದ, ನಾ ಮ್ಯಾಲ ಒಬ್ಬಾಕಿನ ಪುಡಿ ಬಳೀತಿದ್ನಿ. ಅಪ್ಪನ ದನಿ ಕೇಳಿಸ್ತು. "ಇಳೀಬ್ಯಾಡ ಚಕ್ಕಡಿಂದ. ಇಳದ್ರ ಕಾಲು ಕಡೀತೇನಿ." ಆಮ್ಯಾಲ ಬಾರಕೋಲಿನ ಸಪ್ಪಳ, ಆಮ್ಯಾಲ ಯಾರೋ ಬಿದ್ದ ಸಪ್ಪಳ. ಕಿಡಕ್ಯಾಗ ಬಗ್ಗಿ ನೋಡಿದ್ನಿ. ಅಪ್ಪ ಕಟ್ಟಿ ಕಲ್ಲಿನ ಮ್ಯಾಲ ಸೊಂಟ ಹಿಡಕೊಂಡು ಬಿದ್ದಿದ್ದ. ಏಳಾಕ ಬರವಲ್ದು, ಬಿದ್ದಲ್ಲಿಂದನ ಬೈತಿದ್ದ. ನನ್ನ ಗಂಡ ಅವನ್ನ ದಾಟಿ, ಬಾಗಲದಾಗ ನಿಂತು, ಅಂಗಿ ಕಳದು ಅಣ್ಣನ ಕೈಯಾಗ ಕೊಟ್ಟ. ಆ ಅಂಗಿ ಕಳಿಯೂದು ನನಗ ಗೊತ್ತಿತ್ತು.

"ಎಲ್ಲಿ ಅದಾಳ?"

"ಮ್ಯಾಲ," ಅಂದ ಅಣ್ಣ. ಆಮ್ಯಾಲ ವೈನಿಗೆ, "ನೀ ಮುಂದ ಹತ್ತು. ಅಕಿ ಕೂದಲಾ ಹಿಡದು ಎಳಕೊಂಡು ಬಾ. ನೀ ಹೋದ್ರ ಅಕಿ ಸುಮ್ಮನಿರ್ತಾಳ."

ಬಡಿಗ್ಯಾನ ಸುತ್ತಿಗಿ ಹಲಿಗಿ ಮ್ಯಾಲನ ಇತ್ತು. ಬಲಗೈಲೆ ಎತ್ತಿಕೊಂಡು ಪಾವಟಿಗಿ ಬಂದು ಮುಟ್ಟೋ ಅಟ್ಟದ ಬಾಯಿ ಹತ್ರ ಕುಂತ್ನಿ. ವೈನಿ ತಲಿ ಕಾಣಿಸ್ತು. ಅಕಿ ಮ್ಯಾಲೂ ಎತ್ತಿದ್ನಿ. ಅಕಿ ಕಟ್ಟಿದ ಕೈ ತೋರಿಸಿ, "ನನಗಲ್ಲ. ಹಿಂದ ಬರಾಕತ್ತಾನ, ಅವಗ ಹಾಕು," ಅಂತ ಪಿಸುಗುಟ್ಟಿ ನನ್ನ ದಾಟಿ ಒಳಗ ಬಂದು ಗ್ವಾಡಿಗೆ ಆನಿಕೊಂಡು ನಿಂತ್ಲು.

ಮುಂದ ಬಂದದ್ದು ನನ್ನ ಗಂಡನ ಕೈ. ಅಟ್ಟದ ಅಂಚು ಹಿಡದು ಮೈ ಮ್ಯಾಲ ಎತ್ತಾಕ ಹತ್ತಿದ್ದ. ಬೆರಳಾಗ ಉಂಗುರ. ನಾ ಸುತ್ತಿಗಿ ಹಾಕಿದ್ನಿ. ಬೆರಳು ಹಲಿಗಿಗೆ ಜಜ್ಜಿ ಹೋದವು. ಅವ ಚೀರಿ ಇನ್ನೊಂದು ಕೈ ಹಾಕಿದ. ಅದಕ್ಕೂ ಹಾಕಿದ್ನಿ. ಅವ ಪಾವಟಿಗಿ ಮ್ಯಾಲಿಂದ ಉರುಳಿ ಕೆಳಗ ನಿಂತ ತನ್ನ ಆಳುಗಳ ಮ್ಯಾಲನ ಬಿದ್ದ. ನಾ ಎದ್ದು ನಿಂತು, "ನಿನ್ನ ಹೆಣಾ ಎತ್ತ! ಹತ್ತಿ ಬಾ ಇನ್ನೊಮ್ಮೆ! ತಲಿ ಜಜ್ಜತೇನಿ!" ಅಂತ ಒದರಿದ್ನಿ. ಓಣಿ ಎಲ್ಲಾ ಕೂಡಿತ್ತು, ಯಾರು ಏನು ಅಂತಾರ ಅನ್ನೋ ಖಬರ ನನಗಿರಲಿಲ್ಲ. ಅವನ ಆಳುಗಳು ಅವನ್ನ ಎತ್ತಿ ಚಕ್ಕಡ್ಯಾಗ ಹಾಕ್ಕೊಂಡು ದವಾಖಾನಿಗೆ ಹೊಡದ್ರು. ಅವ ಹಾದಿತುಂಬ ಹೆಣ್ಣಮಗಳಂಗ ಅಳತಿದ್ನಂತ. ಹೆಣ್ಣಮಗಳಂಗ ಅಂದವರಿಗೆ ನಾ ಹಂಗ ಅತ್ತದ್ದು ಎಲ್ಲಿ ನೋಡೀರಿ ಅಂತ ಕೇಳಿದ್ನಿ.

ಕೆಳಗಿಂದ ಅಪ್ಪ ಒದರಿದ. "ಹೋದಾ?"

"ಹೋದಾ," ಅಂದ್ನಿ.

"ಹಂಗಾದ್ರ ಒಂದು ತಂಬಗಿ ನೀರು ತರ್ರಿ ಯಾರರ."

ನೀರು ಒಯ್ಯಬೇಕಾದ್ರ ಪಾವಟಿಗಿ ಇಳೀಬೇಕು. ಪಾವಟಿಗಿ ಬುಡದಾಗ ಅಣ್ಣ ನಿಂತಿದ್ದ, ಕೈಯಾಗ ಇನ್ನೂ ನನ್ನ ಗಂಡನ ಅಂಗಿ. ಅದನ್ನ ನೆಲಕ್ಕ ಒಗದು ವೈನಿನ್ನ ಹೆಸರು ಹಿಡದು ಕರದ. "ಇಳಿ ಕೆಳಗ. ಅಕಿನ್ನ ಹಿಡದು ತಾ ಅಂದ್ರ ಅಕಿ ಜೋಡಿ ಸೇರಿದೇನು? ಇಳೀತೀಯೋ, ನಾನ ಬರಲೋ?" ಅವನ ದನಿಯೊಳಗ ಅಕಿಗೆ ಏನು ಕಾದಿತ್ತು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಹಿಂದಿನ ಸಲ ಹಂಗ ಕರದಾಗ ಅಕಿ ಒಂದು ವಾರ ಎದ್ದಿರಲಿಲ್ಲ.

ವೈನಿ ಗ್ವಾಡಿ ಬಿಟ್ಟು ಬಂದ್ಲು. ಇಳಿಯಾಕ ಹೊಂಟ್ಲು ಅಂತ ನಾ ಅಕಿ ಸೆರಗು ಹಿಡದ್ನಿ. ಅಕಿ ನನ್ನ ಕೈಯಾಗಿನ ಸುತ್ತಿಗಿ ಇಸಕೊಂಡ್ಲು. ಹರದ ಅಂಗೈ, ಹಿಡಿಯಾಕ ಬರವಲ್ದು, ಎರಡೂ ಕೈಲೆ ಎದಿಗಾನಿಸಿ ಹಿಡಕೊಂಡು ಅಟ್ಟದ ಬಾಯಿ ಹತ್ರ ಕುಂತ್ಲು.

"ಬರ್ರಿ," ಅಂದ್ಲು. ದಿನಾ ಅವನ್ನ ಊಟಕ್ಕ ಎಬ್ಬಿಸೋ ದನಿ. "ಬರ್ರಿ ಮ್ಯಾಲ."

ಅಣ್ಣ ಮೊದಲನೇ ಪಾವಟಿಗಿ ಮ್ಯಾಲ ಕಾಲು ಇಟ್ಟಿದ್ದ. ಅಕಿ ಮಾರಿ ನೋಡಿದ. ಕಾಲು ತಗದ.